ಎಡಕ್ಕೆ ನಡೆಯಲು ಬಾರದ ಕತ್ತೆ

ಮೇಷ್ಟ್ರು ಹೋದ ಸುದ್ದಿ ಹಳೆಯ ಆಫೀಸಿನವರ ವಾಟ್ಸಾಪ್ ಗುಂಪಿನಲ್ಲಿ ಬಂತು. ಜೊತೆಗೊಂದು ಫೋಟೋ. ಎಲ್ಲರೂ ಸಾಲಾಗಿ ಕೈಮುಗಿದರು. ನಾನೊಬ್ಬಳು ಮಾತ್ರ 'ಯಾರಿದು?' ಎಂದು ಕೇಳಿ ಉಗಿಸಿಕೊಂಡೆ. ತಪ್ಪು ನನ್ನದಲ್ಲ, ಫೋಟೋದ್ದು. ಅದರಲ್ಲಿ ಮೇಷ್ಟ್ರು ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಇಳಿಬಿಟ್ಟು, ಸುಮ್ಮನೆ ನಿಂತಿದ್ದರು. ಮೂರು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತವಳು ನಾನು. ಅವರು ಸುಮ್ಮನೆ ನಿಂತದ್ದನ್ನು ಒಂದು ದಿನವೂ ಕಂಡಿರಲಿಲ್ಲ.

ಯಶವಂತಪುರಕ್ಕೆ ಇನ್ನೂ ಮೆಟ್ರೋ ಬಾರದ ಕಾಲ. ಯಲಹಂಕ ನ್ಯೂ ಟೌನಿನಲ್ಲಿ, ಗ್ರಿಲ್ ಮಾಡುವ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಾರ್ಟೂನ್ ಕಂಪನಿ ಇತ್ತು. ಕೆಳಗೆ ವೆಲ್ಡಿಂಗ್ ಶುರುವಾದರೆ ಮೇಲೆ ಲೈಟು ಕಣ್ಣು ಹೊಡೆಯುತ್ತಿತ್ತು, ಕಂಪ್ಯೂಟರುಗಳು ಒಂದೊಂದಾಗಿ ಪ್ರಾಣ ಬಿಡುತ್ತಿದ್ದವು. 'ಸೇವ್ ಮಾಡ್ಕೊಳ್ರೋ!' ಎನ್ನುವ ಕೂಗೇ ನಮ್ಮ ಬೆಳಗಿನ ಪ್ರಾರ್ಥನೆ. ಕಂಪನಿಯ ಯಜಮಾನರು ಮೊದಲು ಗ್ರಾನೈಟ್ ವ್ಯಾಪಾರದಲ್ಲಿದ್ದವರು. ಅದನ್ನು ಬಿಟ್ಟು ಇದಕ್ಕೇಕೆ ಬಂದಿರಿ ಎಂದರೆ, 'ಕಲ್ಲು ಕದಲಲ್ಲ ಕಣ್ರೀ, ಅದೇ ಪ್ರಾಬ್ಲಮ್ಮು' ಎನ್ನುತ್ತಿದ್ದರು. ನಾನು ಪ್ರೊಡಕ್ಷನ್ ಕೋಆರ್ಡಿನೇಟರ್. ಹೆಸರು ಇಷ್ಟುದ್ದ ಇದ್ದರೂ ಕೆಲಸ ಒಂದೇ: ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಮೇಜಿಂದ ಮೇಜಿಗೆ ಹೋಗಿ 'ಆಯ್ತಾ?' ಎಂದು ಕೇಳುವುದು.

ಮೇಷ್ಟ್ರು ನಮ್ಮ ಅನಿಮೇಶನ್ ವಿಭಾಗದ ಹಿರಿಯರು. ಹಿಂದೆ ಹೆಬ್ಬಾಳದ ಕಡೆ ಯಾವುದೋ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಗಣಿತದವರು ಡ್ರಾಯಿಂಗ್ ಪಿರಿಯಡ್ ಕಿತ್ತುಕೊಳ್ಳುತ್ತಿದ್ದರಂತೆ. ಆ ಶಾಲೆಯಲ್ಲಿ ಪರೀಕ್ಷೆ ಯಾವಾಗಲೂ ಹತ್ತಿರವೇ ಇರುತ್ತಿತ್ತಂತೆ. ಕೊನೆಗೊಂದು ದಿನ, ಪಿರಿಯಡ್ಡೇ ಇಲ್ಲದ ಮೇಲೆ ಮೇಷ್ಟ್ರು ಯಾಕೆ ಎಂದು ಇವರೇ ಎದ್ದು ಬಂದರು. ಹೆಸರು ಮಾತ್ರ ಜೊತೆಗೆ ಬಂತು.

ಅವರಿಗೆ ಮುಖಗಳು ನೆನಪಿರುತ್ತಿರಲಿಲ್ಲ, ಹೆಸರುಗಳಂತೂ ಕೇಳಲೇಬೇಡಿ. ನೆನಪಿರುತ್ತಿದ್ದದ್ದು ನಡಿಗೆ. ಮೆಟ್ಟಿಲ ಮೇಲಿನ ಸದ್ದಿನಲ್ಲೇ ಯಾರು ಬಂದರು, ತಿಂಡಿ ತಿಂದು ಬಂದರೋ ಹೆಂಡತಿಯ ಹತ್ತಿರ ಬೈಸಿಕೊಂಡು ಬಂದರೋ ಎಂದು ಹೇಳಿಬಿಡುತ್ತಿದ್ದರು. ಯಜಮಾನರ ನಡಿಗೆಯನ್ನು ಅವರು ಮಾಡಿ ತೋರಿಸುತ್ತಿದ್ದ ದಿನ ಆಫೀಸಿಗೆ ರಜೆ ಕೊಟ್ಟಷ್ಟು ಸಂತೋಷ. 'ಒಟ್ಟೆ ಮೊದ್ಲು ಬತ್ತದೆ, ಆಸಾಮಿ ನಾಕ್ ಫ್ರೇಮ್ ಆದ್ಮೇಲೆ' ಎಂದು ಬಾಗಿಲಿನಿಂದ ಕಿಟಕಿಯವರೆಗೆ ನಡೆದು ತೋರಿಸಿದಾಗ, ಕಡ್ಡಿಯಂತಿದ್ದ ಆ ಮನುಷ್ಯನಿಗೆ ನಿಜವಾಗಿಯೂ ಹೊಟ್ಟೆ ಬಂದಂತೆ ಕಾಣುತ್ತಿತ್ತು. ಒಮ್ಮೆ ಯಜಮಾನರೇ ಹಿಂದೆ ನಿಂತು ಇದನ್ನು ನೋಡಿದರು. ನೋಡಿ, 'ಯಾರ್ದು ಮೇಷ್ಟ್ರೇ ಇದು? ನಮ್ ಭಾವಂದು ಇದ್ದಂಗಿದೆ' ಎಂದು ನಕ್ಕು ಒಳಗೆ ಹೋದರು. ಹೊಟ್ಟೆ ಮೊದಲು ಹೋಯಿತು.

ನಾನು ಸೇರಿದ ಮೊದಲ ದಿನ ಅವರು ನನ್ನ ಹೆಸರನ್ನೂ ಕೇಳಲಿಲ್ಲ.

'ಆ ಬಾಗ್ಲಿಂದ ಈ ಕಿಟಕಿವರ್ಗೂ ನಡಿ ತಾಯಿ' ಎಂದರು.

ನಡೆದೆ.

'ಕೋಳಿ' ಎಂದರು. 'ಪಾದ ಊರೋಕ್ ಮುಂಚೆ ನೆಲಾನ ಕೇಳ್ತೀಯ, ಇಡ್ಲಾ ಬ್ಯಾಡ್ವಾ ಅಂತ. ತಪ್ಪೇನಿಲ್ಲ ಬಿಡು, ಕೋಳಿನೂ ಬದುಕ್ತದೆ.'

ಅಂದಿನಿಂದ ಇಡೀ ಆಫೀಸಿಗೆ ನಾನು ಕೋಳಿ. ಇಂಜಿನಿಯರಿಂಗ್ ಓದಿ ಕೋಳಿಯಾದದ್ದಕ್ಕೆ ಮನೆಯಲ್ಲಿ ಏನು ಹೇಳುವುದೆಂದು ತಿಳಿಯದೆ ಏನೂ ಹೇಳಲಿಲ್ಲ.

ನಡಿಗೆಯ ಈ ಹುಚ್ಚು ಅವರನ್ನು ಬೀದಿಯಲ್ಲೂ ಬಿಡುತ್ತಿರಲಿಲ್ಲ. ಒಮ್ಮೆ ಯಶವಂತಪುರ ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಹೊತ್ತ ಹಮಾಲಿಯೊಬ್ಬನ ನಡಿಗೆ ಮೆಚ್ಚಿ, ಅವನ ಹಿಂದೆಯೇ ಹೊರಟರು. ಅವನು ತಿರುಗಿದಲ್ಲೆಲ್ಲ ಇವರೂ ತಿರುಗಿದರು. ಕೊನೆಗೆ ಆತ ಮೂಟೆ ಇಳಿಸಿ, 'ಏನ್ ಸಾರ್, ಏನ್ ಬೇಕು?' ಎಂದ. 'ಏನಿಲ್ಲಪ್ಪ, ನೀನು ನಡಿ' ಎಂದರು ಮೇಷ್ಟ್ರು. ಆ ಬಡಪಾಯಿ ಬೆವತುಹೋಗಿ, 'ಸಾರ್, ಸ್ಟೇಷನ್‌ಗೆ ಬೇಡ, ನಾನೇನೂ ಮಾಡಿಲ್ಲ, ಎಲ್ಲಾ ನನ್ ಬಾಮೈದಂದೇ ಕೆಲಸ' ಎಂದು ಕೈಮುಗಿದನಂತೆ. ಬಾಮೈದ ಏನು ಮಾಡಿದ್ದನೆಂದು ಕೇಳುವ ಆಸಕ್ತಿಯೂ ಮೇಷ್ಟ್ರಿಗೆ ಇರಲಿಲ್ಲ. 'ಮೂಟೆ ಇಳಿಸ್ಬಿಟ್ಟ ಕಣಮ್ಮ, ನಡಿಗೆನೇ ಓಗ್ಬಿಡ್ತು' ಎಂದು ಎರಡು ದಿನ ಕೊರಗಿದರು.

ಹೊಸದಾಗಿ ಸೇರಿದ ಹುಡುಗರು ಖಾಲಿ ಪರದೆಯ ಮುಂದೆ ಕೈಕಟ್ಟಿ ಕೂತರೆ, ಬೆನ್ನು ತಟ್ಟಿ ಒಂದೇ ಮಾತು ಹೇಳುತ್ತಿದ್ದರು. 'ಎಡಗಾಲು ಮೊದ್ಲು ಇಡಪ್ಪ. ಆಮೇಲಿಂದು ತಾನಾಗೇ ಬತ್ತದೆ.' ಸಂಬಳ ಹೆಚ್ಚಿಸಿ ಎಂದು ಕೇಳಲು ಯಜಮಾನರ ಕೋಣೆಗೆ ಹೊರಟವರಿಗೂ ಇದೇ ಉಪದೇಶ. ಅಲ್ಲಿ ಮಾತ್ರ ಆಮೇಲಿನದು ತಾನಾಗಿ ಬರುತ್ತಿರಲಿಲ್ಲ.

ಈಗ ಕತ್ತೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಂಪನಿ ಮಾಡಿದ ಒಂದೇ ಒಂದು ದೊಡ್ಡ ಕೆಲಸವೆಂದರೆ ಮಕ್ಕಳ ಟೀವಿ ಚಾನೆಲ್ಲಿಗೆ ಒಂದು ಕಾರ್ಟೂನ್ ಧಾರಾವಾಹಿ. ಕೆರೆಯ ದಡದಲ್ಲಿ ಬಟ್ಟೆ ಒಗೆಯುವ ಒಬ್ಬ ಹೆಂಗಸು, ಅವಳದೊಂದು ಕತ್ತೆಮರಿ. ಮೇಯುವಾಗ ದೂರ ಹೋಗದಿರಲೆಂದು ಅದರ ಮುಂಗಾಲುಗಳಿಗೆ ಹಗ್ಗ ಕಟ್ಟಿರುತ್ತಾಳೆ. ಮರಿ ಹಗ್ಗ ಕಡಿದುಕೊಂಡು ಓಡುತ್ತದೆ, ಲಾರಿ ಹತ್ತಿ ಯಾವುದೋ ಊರು ಸೇರುತ್ತದೆ. ಆಮೇಲೆ ವಾರಕ್ಕೊಂದು ಊರು, ವಾರಕ್ಕೊಂದು ಫಜೀತಿ, ಮನೆ ಹುಡುಕುವ ಪ್ರಯಾಣ. ಐವತ್ತೆರಡು ಕಂತು ಎಂದು ಮಾತಾಗಿತ್ತು.

ಕಡಿದ ಹಗ್ಗದ ತುಂಡು ಬಲ ಮುಂಗಾಲಿಗೆ ಬಿಗಿದೇ ಉಳಿದಿರುವುದರಿಂದ ಕತ್ತೆ ಆ ಕಾಲು ಕುಂಟುತ್ತದೆ. ಇದು ಮೇಷ್ಟ್ರ ಕಾಣಿಕೆ. ಹೀರೋ ಕುಂಟಬಾರದು ಎಂದು ಚಾನೆಲ್ಲಿನವರು ಹಠ ಹಿಡಿದರು. ಮೇಷ್ಟ್ರು ಬಾಯಲ್ಲಿ ವಾದ ಮಾಡಲಿಲ್ಲ, ಮೀಟಿಂಗಿನಲ್ಲಿ ಎದ್ದು ಕುಂಟಿ ತೋರಿಸಿದರು. ಸೂಟು ಹಾಕಿದ್ದ ಹೆಂಗಸೊಬ್ಬಳು 'ಅಯ್ಯೋ ಪಾಪ' ಎಂದುಬಿಟ್ಟಳು. ಕುಂಟು ಪಾಸಾಯಿತು.

ಈ ಕತ್ತೆಗೆ ಒಬ್ಬ ಕಟ್ಟಾ ಅಭಿಮಾನಿ ಇದ್ದರು, ಮೇಷ್ಟ್ರ ತಾಯಿ. ಎಂಬತ್ತು ದಾಟಿದ್ದ ಮುದುಕಿ, ಸೊಂಟದ ಮೂಳೆ ಮುರಿದು ಮಂಚ ಹಿಡಿದಿದ್ದರು. ತಣಿಸಂದ್ರ ಹಳ್ಳಿಯಾಗಿದ್ದ ಕಾಲದಿಂದ ಅವರದು ಅಲ್ಲೇ ಮನೆ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದರೂ ಮನೆ ಕದಲಿರಲಿಲ್ಲ, ಹಿತ್ತಲಲ್ಲಿ ಎರಡು ಹಸುಗಳೂ ಇದ್ದವು. ಭಾನುವಾರ ಬೆಳಿಗ್ಗೆ ಕತ್ತೆ ಬರುವ ಹೊತ್ತಿಗೆ ಮುದುಕಿಗೆ ದಿಂಬು ಕೊಟ್ಟು ಕೂರಿಸಬೇಕು. ಇದು ತಮ್ಮ ಮಗನೇ ಬಿಡಿಸುವ ಚಿತ್ರ ಎಂದು ಎಷ್ಟು ಹೇಳಿದರೂ ಅವರು ಒಪ್ಪುತ್ತಿರಲಿಲ್ಲ. 'ನೀನ್ ಬಿಡುಸ್ತೀಯ, ಸರಿ. ಕತ್ತೆ ಎಲ್ಲೈತೆ ಅದನ್ನೇಳು' ಎನ್ನುತ್ತಿದ್ದರಂತೆ. ಸೋಮವಾರ ಮೇಷ್ಟ್ರು ಈ ವರದಿಗಳನ್ನೆಲ್ಲ ನಮಗೆ ಒಪ್ಪಿಸುತ್ತಿದ್ದರು. ಚಾನೆಲ್ಲಿನ ಅಭಿಪ್ರಾಯಕ್ಕಿಂತ ನಾವು ಅದನ್ನೇ ಕಾಯುತ್ತಿದ್ದೆವು.

ಒಂಬತ್ತನೆಯ ಕಂತಿನಲ್ಲಿ ಒಂದು ಎಡವಟ್ಟಾಯಿತು. ಅದು ನಮ್ಮಂಥವರಿಗೆ ಮಾತ್ರ ಆಗುವ ಎಡವಟ್ಟು. ಕಾರ್ಟೂನ್ ಪ್ರಾಣಿಯ ನಡಿಗೆಯನ್ನು ಒಂದೇ ಕಡೆಗೆ ಬಿಡಿಸಿಟ್ಟುಕೊಂಡಿರುತ್ತಾರೆ. ನಮ್ಮ ಕತ್ತೆ ಯಾವಾಗಲೂ ಬಲಕ್ಕೇ ನಡೆಯುತ್ತಿತ್ತು. ಅದು ಎಡಕ್ಕೆ ನಡೆಯಬೇಕಾದರೆ ಕಂಪ್ಯೂಟರಿನಲ್ಲಿ ಕನ್ನಡಿಯ ಬಿಂಬದಂತೆ ಮಗುಚಿಬಿಡುವುದು, ಒಂದು ಗುಂಡಿ ಒತ್ತಿದರೆ ಆಯಿತು. ಇದಕ್ಕೆ ಫ್ಲಿಪ್ ಎನ್ನುತ್ತಿದ್ದೆವು. ಅವಸರದಲ್ಲಿ ಯಾರೋ ಹಾಗೆ ಮಗುಚಿದರು, ಅದಕ್ಕಿಂತ ಅವಸರದಲ್ಲಿ ನಾನು ಪಾಸು ಮಾಡಿದೆ. ಮಗುಚಿದ ಕತ್ತೆ ಎಡಗಾಲು ಕುಂಟುತ್ತದೆ ಎಂಬುದು ಇಡೀ ಆಫೀಸಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೇಷ್ಟ್ರು ಆ ವಾರ ಜ್ವರದಲ್ಲಿದ್ದರು.

ಮುದುಕಿಗೆ ಹೊಳೆಯಿತು. 'ಇದು ಬ್ಯಾರೆ ಕತ್ತೆ' ಎಂದರಂತೆ. 'ನಮ್ದು ಬಲಗಾಲು ಕುಂಟ್ತದೆ. ಇದ್ಯಾವ್ದೋ ಎಡಗಾಲಿಂದು ಸೇರ್ಕೊಂಡೈತೆ. ನಮ್ದೆಲ್ಲೋಯ್ತು?' ಮುಂದಿನ ಭಾನುವಾರ ಕತ್ತೆ ಬಲಗಾಲು ಕುಂಟುತ್ತ ಬಂದು ನಿಲ್ಲುವವರೆಗೆ ಅವರು ಸರಿಯಾಗಿ ಊಟ ಮಾಡಲಿಲ್ಲ. ಮೇಷ್ಟ್ರು ಇದನ್ನು ಹೇಳಿದಾಗ ನಾವು ಬಿದ್ದು ಬಿದ್ದು ನಕ್ಕೆವು. ಅವರು ನಗಲಿಲ್ಲ. 'ಅವ್ವ ಏಳಿದ್ದು ಸರಿ. ಅದು ಬ್ಯಾರೆ ಕತ್ತೆನೇ' ಎಂದರು.

ಇಪ್ಪತ್ತೈದನೆಯ ಕಂತು ಮುಗಿಯುವ ಹೊತ್ತಿಗೆ ಚಾನೆಲ್ಲಿನಿಂದ ಮೇಲ್ ಬಂತು. ಐವತ್ತೆರಡು ಬೇಡ, ಇಪ್ಪತ್ತಾರಕ್ಕೆ ಮುಗಿಸಿ, ಕೊನೆಯ ಕಂತು ಹನ್ನೆರಡು ದಿನದಲ್ಲಿ ಕಳಿಸಿ. ಮೇಲ್ ಬಂದ ವಾರದಲ್ಲೇ ಹುಡುಗರಲ್ಲಿ ಅರ್ಧ ಜನ ಬೇರೆ ಕಂಪನಿಗೆ ಹಾರಿದರು. ಹಾರುವ ಮೊದಲೇ ಮೇಷ್ಟ್ರು ಅವರ ಪಾದ ನೋಡಿ ಯಾರ್ಯಾರು ಹೋಗುತ್ತಾರೆಂದು ನನಗೆ ಹೇಳಿದ್ದರು, ಒಂದೂ ತಪ್ಪಲಿಲ್ಲ. ಉಳಿದವರು ನಾಲ್ಕು ಹುಡುಗರು, ಮೇಷ್ಟ್ರು, ಕೋಳಿ, ಮತ್ತು ಕೆಳಗಿನ ವೆಲ್ಡಿಂಗು.

ಇಪ್ಪತ್ತಾರರಲ್ಲಿ ಕತ್ತೆ ಮನೆ ಸೇರಬೇಕು. ಮೊದಲ ಕಂತಿನಲ್ಲಿ ಅದು ಮನೆ ಬಿಟ್ಟು ಬಲಕ್ಕೆ ಓಡಿತ್ತು. ಅಂದರೆ ಮನೆ ಇರುವುದು ಎಡಕ್ಕೆ. ಒಂಬತ್ತನೆಯ ಕಂತಿನ ಆ ಎಡವಟ್ಟೊಂದು ಬಿಟ್ಟರೆ ಇಪ್ಪತ್ತೈದು ವಾರ ಬಲಕ್ಕೇ ನಡೆಸಿದ ಕತ್ತೆಗೆ ಎಡಕ್ಕೆ ಬರುವ ನಡಿಗೆಯನ್ನೇ ನಾವು ಬಿಡಿಸಿರಲಿಲ್ಲ. ಮನೆ ಬಿಡುವುದು ಕಲಿಸಿದ್ದೆವು, ವಾಪಸು ಬರುವುದು ಕಲಿಸಿರಲಿಲ್ಲ.

'ಫ್ಲಿಪ್ ಮಾಡಿ' ಎಂದರು ಯಜಮಾನರು.

'ಬ್ಯಾರೆ ಕತ್ತೆ ಆಯ್ತದೆ' ಎಂದರು ಮೇಷ್ಟ್ರು.

'ಹಂಗಾದ್ರೆ ಮನೇನೇ ಬಲಗಡೆ ಹಾಕ್ರೀ. ಮನೆ ಫ್ಲಿಪ್ ಮಾಡಿ.'

'ಅದು ಬ್ಯಾರೆಯೋರ ಮನೆ ಆಯ್ತದೆ ಸಾಮಿ.'

'ಯಾರು ನೋಡ್ತಾರೆ ಮೇಷ್ಟ್ರೇ, ಯಾವ ಕಾಲು ಅಂತ?'

'ನಮ್ಮವ್ವ ನೋಡ್ತದೆ.'

ಯಜಮಾನರು ಗೋಡೆಯ ಕ್ಯಾಲೆಂಡರಿನತ್ತ ಬೆರಳು ತೋರಿಸಿದರು. ಇರುವುದು ಹನ್ನೆರಡು ದಿನ, ಅಷ್ಟರಲ್ಲಿ ಬಿಡಿಸುವುದಾದರೆ ಬಿಡಿಸಿ ಎಂದು ಕೈಚೆಲ್ಲಿದರು. ಮೇಷ್ಟ್ರು ಕೂತರು. ಎಡಕ್ಕೆ ನಡೆಯುವಾಗ ಕುಂಟುಗಾಲು ಆಚೆ ಬದಿಗೆ ಹೋಗುತ್ತದೆ, ನೋಡುವವರಿಗೆ ಸರಿಯಾಗಿ ಕಾಣುವುದಿಲ್ಲ. 'ಕಾಲು ಕಾಣಲ್ಲ ಅಂದ್ಮೇಲೆ ಮೈಯೆಲ್ಲಾ ಕುಂಟ್ಬೇಕು ಕಣಮ್ಮ. ಭುಜ ಕುಂಟ್ಬೇಕು, ಕಿವಿ ಕುಂಟ್ಬೇಕು' ಎಂದು, ಆಫೀಸಿನ ಉದ್ದಕ್ಕೂ ಗೋಡೆಯ ಪಕ್ಕ ತಾವೇ ಕುಂಟಿಕೊಂಡು ಓಡಾಡಿದರು. ಅದು ಮುಗಿದ ಮೇಲೆ ಹೆಂಗಸು ಬಗ್ಗಿ ಹಗ್ಗ ಬಿಚ್ಚುವ ಕೈಯನ್ನೂ ಬಿಡಿಸಬೇಕಿತ್ತು. ಗ್ರಿಲ್ ಅಂಗಡಿಗೆ ಆ ವಾರವೇ ಯಾವುದೋ ಅಪಾರ್ಟ್‌ಮೆಂಟಿನ ಅಷ್ಟೂ ಬಾಲ್ಕನಿಗಳ ಆರ್ಡರ್ ಸಿಕ್ಕಿತ್ತು. ಎರಡು ದಿನದ ಕೆಲಸ ಒಂದು ಕಿಡಿಗೆ ಹೋಯಿತು. ಮೇಷ್ಟ್ರು ಕೆಳಗಿಳಿದು ಹೋಗಿ ವೆಲ್ಡರನ ಕೈಗೆ ಚಹಾ ಕೊಟ್ಟು, ಕತ್ತೆಯ ಕಥೆಯನ್ನು ಮೊದಲಿಂದ ಹೇಳಿದರು. ಆಮೇಲೆ ಅವನು ಕಿಡಿ ಹಾರಿಸುವ ಮೊದಲು 'ಮೇಷ್ಟ್ರೇ, ಹಾರಿಸ್ಲಾ?' ಎಂದು ಕೂಗುತ್ತಿದ್ದ.

ಹನ್ನೆರಡನೆಯ ದಿನ ಮಧ್ಯಾಹ್ನಕ್ಕೆ ಕೆಲಸ ಮುಗಿದಿರಲಿಲ್ಲ. 'ನಾಳೆ ಊಟದೊತ್ಗೆ ಕೊಡ್ತೀನಿ. ಒಂದಿನ ತಡ್ಕಳಮ್ಮ' ಎಂದು ನನಗೆ ಹೇಳಿ ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋದರು. ಯಜಮಾನರು ಫೋನ್ ಮಾಡಿದರು. ಹಾರ್ಡ್ ಡಿಸ್ಕ್ ಇವತ್ತು ನಾಲ್ಕರೊಳಗೆ ಯಶವಂತಪುರದ ಕೊರಿಯರ್ ಆಫೀಸಿನಲ್ಲಿರಬೇಕು, ಫ್ಲಿಪ್ ಹಾಕಿ ಕಳಿಸು, ಇಲ್ಲದಿದ್ದರೆ ನಿನ್ನ ಎಕ್ಸ್‌ಪೀರಿಯನ್ಸ್ ಲೆಟರನ್ನು ಕತ್ತೆಯ ಹತ್ತಿರವೇ ಬರೆಸಿಕೋ. ನನಗೆ ಮುಂದಿನ ವಾರ ಬೇರೆ ಕಡೆ ಇಂಟರ್‌ವ್ಯೂ ಇತ್ತು, ಆ ಲೆಟರ್ ಬೇಕಿತ್ತು.

ನಾನೇ ಗುಂಡಿ ಒತ್ತಿದೆ. ಕತ್ತೆ ಮಗುಚಿತು, ಎಡಗಾಲು ಕುಂಟುತ್ತ ಮನೆ ಸೇರಿತು, ಹಗ್ಗ ಇನ್ನೂ ಕಾಲಲ್ಲಿರುವಾಗಲೇ 'ಮುಕ್ತಾಯ' ಎಂದು ಬಂತು. ಡಿಸ್ಕನ್ನು ಊಟದ ಬ್ಯಾಗಿನಲ್ಲಿ ಹಾಕಿ, ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದೆ. ಚಹಾ ಅಂಗಡಿಯ ಮುಂದೆ ಮೇಷ್ಟ್ರು ಬೆನ್ನು ತಿರುಗಿಸಿ ಚಹಾ ಆರಿಸಿಕೊಳ್ಳುತ್ತಿದ್ದರು. ನೋಡಲಿಲ್ಲ ಎಂದುಕೊಂಡು ಆಟೋ ಹತ್ತಿದೆ.

ಮರುದಿನ ಅವರು ಕೇಳಿದಾಗ, 'ಚಾನೆಲ್ಲಿನವರೇ ಬಂದು ತಗೊಂಡ್ ಹೋದ್ರು ಮೇಷ್ಟ್ರೇ, ನಾನೇನ್ ಮಾಡ್ಲಿ' ಎಂದೆ. ಸುಳ್ಳು ಹೇಳುವಾಗ ನಾನು ಕೂತೇ ಇದ್ದೆ, ಏಳಲಿಲ್ಲ. ಅಷ್ಟು ಬುದ್ಧಿ ಇತ್ತು. ಅವರು ನನ್ನ ಚಪ್ಪಲಿ ನೋಡಿದರು. 'ಓಗ್ಲಿ ಬಿಡು' ಎಂದರು.

ಭಾನುವಾರ ಕೊನೆಯ ಕಂತು ಬಂತು. ಸೋಮವಾರ ನಾನು ಕೇಳಲಿಲ್ಲ, ಅವರೇ ಹೇಳಿದರು. 'ಬ್ಯಾರೆ ಕತ್ತೆ ಮನೆ ಸೇರ್ಕಂತಂತೆ. ನಮ್ದಿನ್ನೂ ಎಲ್ಲೋ ಅಲೀತಾ ಐತೆ, ಆ ಎಂಗ್ಸು ಗುರ್ತೂ ಇಡೀಲಿಲ್ಲ ಅಂತ ಅವ್ವ ಅಳ್ತು.' ಅಷ್ಟು ಹೇಳಿ ತಮ್ಮ ಪೆನ್ಸಿಲುಗಳನ್ನು ಡಬ್ಬಿಗೆ ತುಂಬಿಕೊಂಡರು. ತಿಂಗಳಲ್ಲಿ ಕಂಪನಿ ಬಾಗಿಲು ಮುಚ್ಚಿತು. ಯಜಮಾನರು ಗ್ರಾನೈಟಿಗೆ ವಾಪಸಾದರು. ನನಗೆ ಲೆಟರ್ ಸಿಕ್ಕಿತು, ಕೆಲಸವೂ ಸಿಕ್ಕಿತು. ಆ ಲೆಟರಿನಲ್ಲಿ ನಾನು ಪ್ರಾಮಾಣಿಕಳೆಂದು ಬರೆದಿತ್ತು, ಓದಿದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಮೂರು ತಿಂಗಳಾದ ಮೇಲೆ, ಅವರೆಕಾಯಿ ಕಾಲದಲ್ಲಿ, ಮೇಷ್ಟ್ರ ಫೋನು. 'ಭಾನ್ವಾರ ಊಟಕ್ಕೆ ಬಾ. ಅವರೆಕಾಳು ಸಾರು, ಮುದ್ದೆ.' ಅಷ್ಟು ಹೇಳಿ ಇಟ್ಟುಬಿಟ್ಟರು. ಹೋದೆ. ಎರಡು ಅಪಾರ್ಟ್‌ಮೆಂಟುಗಳ ನಡುವೆ ಹಂಚಿನ ಮನೆ, ಮೇಲಿನ ಬಾಲ್ಕನಿಗಳಲ್ಲಿ ಊರವರ ಬಟ್ಟೆ, ಕೆಳಗೆ ಹಸುಗಳು. ನಡುಮನೆಯ ಮಂಚದಲ್ಲಿ ಮುದುಕಿ ದಿಂಬಿಗೆ ಒರಗಿ ಕೂತಿದ್ದರು. ನಾನು ಒಳಗೆ ಬಂದದ್ದನ್ನು ಹೊಸಿಲಿನಿಂದ ಕುರ್ಚಿಯವರೆಗೂ ನೋಡಿದರು. ಮಗನಿಗೆ ಈ ಕಣ್ಣು ಎಲ್ಲಿಂದ ಬಂತೆಂದು ಗೊತ್ತಾಯಿತು.

ಮೇಷ್ಟ್ರು ಟೀವಿಗೆ ಪೆನ್ ಡ್ರೈವ್ ಚುಚ್ಚಿದರು. ಕೆರೆದಾರಿ ಕಾಣಿಸಿತು. ಬಲಗಡೆಯಿಂದ ನಮ್ಮ ಕತ್ತೆಮರಿ ಎಡಕ್ಕೆ ನಡೆದು ಬಂತು. ಕುಂಟುವ ಕಾಲು ಆಚೆ ಬದಿಯಲ್ಲಿತ್ತು, ಕಾಣುತ್ತಿರಲಿಲ್ಲ. ಆದರೆ ಪ್ರತಿ ಹೆಜ್ಜೆಗೂ ಭುಜ ಕುಸಿದು, ಕಿವಿ ತಗ್ಗಿ, ನೋಡುತ್ತಿದ್ದ ನನ್ನ ಬಲಗಾಲೇ ಎಳೆದಂತಾಯಿತು. ಇಡೀ ಮೂರು ತಿಂಗಳು ಮನೆಯಲ್ಲಿ ಕೂತು, ಯಾರೂ ಕೇಳದೆ, ಯಾವ ಚಾನೆಲ್ಲಿಗೂ ಬೇಡದೆ, ಅವರು ಇದನ್ನು ಬಿಡಿಸಿದ್ದರು. ಮುದುಕಿ ಮುಂದಕ್ಕೆ ಬಾಗಿ, 'ನಮ್ದೇ ಕಣ್ಲಾ, ನಮ್ದೇ' ಎಂದರು.

ಆಗ ಕತ್ತೆಯ ಹಿಂದಿನ ದಾರಿಯನ್ನು ಒಂದು ಕೋಳಿ ದಾಟಿತು. ರೆಕ್ಕೆಯಡಿ ಏನನ್ನೋ ಅವುಚಿಕೊಂಡು, ಕತ್ತು ಒಳಗೆಳೆದುಕೊಂಡು, ಒಂದೊಂದು ಪಾದ ಊರುವ ಮೊದಲೂ ನೆಲವನ್ನು ಕೇಳುತ್ತ. ಆ ನಡಿಗೆ ನನ್ನದು. ಮೆಟ್ಟಿಲಿಳಿದು ಆಟೋ ಹತ್ತಿದ ಅಂದಿನ ನಡಿಗೆ, ಒಂದು ಹೆಜ್ಜೆಯೂ ಬಿಡದಂತೆ. ನನ್ನ ಪಾದಗಳನ್ನು ಕುರ್ಚಿಯಡಿಗೆ ಎಳೆದುಕೊಂಡೆ.

'ಆ ಕೋಳಿ ಯಾಕ್ಲಾ ಕದ್ಕಂಡ್ ಓಗ್ತಾ ಐತೆ?' ಎಂದರು ಮುದುಕಿ.

ಮೇಷ್ಟ್ರು ನನ್ನ ಕಡೆ ತಿರುಗಲಿಲ್ಲ. 'ಅದಕ್ಕೂ ಸಂಸಾರ ಐತೆ, ಬಿಡವ್ವ. ನೀನು ಕತ್ತೆ ನೋಡು' ಎಂದರು.

ಕತ್ತೆ ಮನೆಯ ಮುಂದೆ ನಿಂತಿತು. ಹೆಂಗಸು ಬಗ್ಗಿ ಹಗ್ಗ ಬಿಚ್ಚಿದಳು. ಕತ್ತೆ ಒಂದು ಕ್ಷಣ ನಂಬದೆ ನಿಂತು, ಆಮೇಲೆ ಎರಡು ಹೆಜ್ಜೆ ಕುಂಟದೆ ನಡೆದು ಬಾಗಿಲೊಳಗೆ ಹೋಯಿತು. ಅಷ್ಟೇ. 'ಬಂದ್ಯಾ?' ಎಂದರು ಮುದುಕಿ ಟೀವಿಗೆ. 'ಇಷ್ಟ್ ದಿನ ಬೇಕಾಗಿತ್ತಾ ನಿಂಗೆ?' ಆಮೇಲೆ ಮಗನಿಗೆ ಹೇಳಿದರು, 'ಈಗ ಆರ್ಸು ಟೀವಿ. ಕರೆಂಟ್ ದಂಡ.'

ಊಟಕ್ಕೆ ಕೂತಾಗ ನಾನು ಬಾಯಿ ತೆರೆದೆ. 'ಮೇಷ್ಟ್ರೇ, ಅವತ್ತು ಆ ಡಿಸ್ಕು...'

'ಮುದ್ದೆ ಆರೋಯ್ತದೆ' ಎಂದರು ಅವರು, ಇನ್ನೊಂದು ಸೌಟು ಸಾರು ಹಾಕಿದರು.

ಹೊರಟಾಗ ಗೇಟಿನವರೆಗೆ ಬಂದರು. ನಾನು ರಸ್ತೆಗಿಳಿದೆ. ಬೆನ್ನ ಮೇಲೆ ಅವರ ಕಣ್ಣಿದೆ ಎಂದು ಗೊತ್ತು. ಕದ್ದವಳಂತೆ ನಡೆಯಬಾರದು, ಕದಿಯದವಳಂತೆ ನಟಿಸಲೂಬಾರದು, ಕೋಳಿಯಂತೂ ಕೂಡದು. ಇಪ್ಪತ್ತೇಳು ವರ್ಷ ನಡೆದವಳಿಗೆ ಆ ಗಳಿಗೆಯಲ್ಲಿ ಹೇಗೆ ನಡೆಯುವುದೆಂದೇ ಮರೆತುಹೋಯಿತು. ತಣಿಸಂದ್ರದ ನಡುರಸ್ತೆಯಲ್ಲಿ ಕಾಲೆತ್ತದೆ ನಿಂತುಬಿಟ್ಟೆ. ಹಿಂದೆ ನೀರಿನ ಟ್ಯಾಂಕರೊಂದು ಹಾರ್ನ್ ಹೊಡೆಯುತ್ತಿತ್ತು.

ಗೇಟಿನಿಂದ ಕೂಗು ಬಂತು.

'ಎಡಗಾಲು ಮೊದ್ಲು ಇಡು ತಾಯಿ. ಆಮೇಲಿಂದು ತಾನಾಗೇ ಬತ್ತದೆ.'